ಏರಿನಲ್ಲಿ ಗಾಡಿ ಎಳೆಯದಿದ್ದರೆ: ಪಿಕಪ್‌ನ ಡೀಸೆಲ್ ಒತ್ತಡದ ಬಗ್ಗೆ ಒಂದು ಪಾಠ

(ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಬೇಕು. ಒಂದೊಂದು ಭಾಗ ಮುಗಿದ ಮೇಲೆ ನಿಲ್ಲಿಸಿ ಮಾತಾಡಿಕೊಳ್ಳಿ. ಗಾಡಿ ಓಡಿಸುವವರನ್ನೂ ಸಭೆಗೆ ಕರೆದರೆ ಒಳ್ಳೆಯದು.)



ಮೊದಲೆಲ್ಲ ಸಂಘದ ಸಾಲ ಅಂದರೆ ಹಸು, ಆಡು, ಹೊಲಿಗೆ ಯಂತ್ರ, ಮಕ್ಕಳ ಫೀಸು ಇಷ್ಟೇ ನೆನಪಾಗುತ್ತಿತ್ತು. ಈಗ ಪಿಕಪ್ ಗಾಡಿಗೂ ಸಾಲ ಕೇಳುವವರಿದ್ದಾರೆ. ಕೆಲವು ಕಡೆ ಗಾಡಿ ಸಂಘದ್ದು, ಕೆಲವು ಕಡೆ ಗಂಡನೋ ಮಗನೋ ಓಡಿಸುವ ಗಾಡಿಗೆ ಸಂಘದ ದುಡ್ಡು ಆಧಾರ. ಟೊಮೆಟೊ ಬಾಕ್ಸು, ಹಾಲಿನ ಕ್ಯಾನು, ಬಾಳೆಗೊನೆ, ಹೂವಿನ ಮೂಟೆ, ಎಲ್ಲವೂ ಈ ಗಾಡಿಯ ಮೇಲೆಯೇ ಮಾರುಕಟ್ಟೆಗೆ ಹೋಗಬೇಕು.

ಗಾಡಿ ನಿಂತರೆ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಟೊಮೆಟೊ ಕಾಯುವುದಿಲ್ಲ. ಹಾಲು ಒಡೆದು ಹೋಗುತ್ತದೆ. ಆಗ ಗ್ಯಾರೇಜಿನಿಂದ ಫೋನು ಬರುತ್ತದೆ: "ಪಂಪು ಹೋಗಿದೆ ಅಕ್ಕಾ, ಬದಲಾಯಿಸಬೇಕು, ದೊಡ್ಡ ಖರ್ಚು." ನಮಗೆ ಏನೂ ಗೊತ್ತಿಲ್ಲದಿದ್ದರೆ "ಆಯ್ತು, ಮಾಡಿ" ಅಂತ ಒಪ್ಪಿಕೊಳ್ಳುತ್ತೇವೆ. ಕೆಲವು ಸಲ ಪಂಪು ನಿಜವಾಗಿಯೂ ಹೋಗಿರುತ್ತದೆ. ಆದರೆ ಎಷ್ಟೋ ಸಲ ತೊಂದರೆ ಇರುವುದು ಕಟ್ಟಿಕೊಂಡ ಫಿಲ್ಟರಿನಲ್ಲಿ, ಬಿರುಕು ಬಿಟ್ಟ ರಬ್ಬರ್ ಪೈಪಿನಲ್ಲಿ, ಇಲ್ಲವೇ ಡೀಸೆಲ್‌ಗೆ ಸೇರಿದ ನೀರಿನಲ್ಲಿ. ಎರಡರ ಖರ್ಚಿಗೂ ಆಕಾಶ ಭೂಮಿಯ ಅಂತರ.

ನಾವೆಲ್ಲ ಮೆಕ್ಯಾನಿಕ್ ಆಗಬೇಕಿಲ್ಲ. ಆದರೆ ನಮ್ಮ ದುಡ್ಡಿನ ಗಾಡಿ ಯಾಕೆ ನಿಂತಿದೆ ಅಂತ ಕೇಳುವಷ್ಟು ತಿಳುವಳಿಕೆ ಇರಲೇಬೇಕು. ಈ ಪಾಠ ಅದಕ್ಕೆ.

ಡೀಸೆಲ್‌ಗೆ ಒತ್ತಡ ಯಾಕೆ ಬೇಕು?

ಪೆಟ್ರೋಲ್ ಎಂಜಿನ್‌ನಲ್ಲಿ ಪ್ಲಗ್ಗು ಕಿಡಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಆ ಕಿಡಿ ಇಲ್ಲ. ಅಲ್ಲಿ ಗಾಳಿಯನ್ನು ಸುಮಾರು 16ರಿಂದ 20 ಪಟ್ಟು ಒತ್ತಿ ಚಿಕ್ಕದು ಮಾಡುತ್ತಾರೆ. ಸೈಕಲ್ ಪಂಪು ಹೊಡೆಯುವಾಗ ಅದರ ತಳ ಬಿಸಿಯಾಗುವುದು ನಿಮಗೆ ಗೊತ್ತಲ್ವಾ? ಹಾಗೆಯೇ ಒತ್ತಿದ ಗಾಳಿ ಕಾದು ಕೆಂಡದಂತಾಗುತ್ತದೆ. ಆ ಬಿಸಿ ಗಾಳಿಗೆ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬವರು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಈ ಎಂಜಿನ್ ಓಡಿಸಿ ತೋರಿಸಿದರು. ಅವರ ಹೆಸರೇ ಎಣ್ಣೆಗೂ ಬಂತು.

ಮಂಜಿನಂತೆ ಸಿಂಪಡಿಸಬೇಕಾದರೆ ಒತ್ತಡ ಬೇಕು. ಔಷಧಿ ಹೊಡೆಯುವ ಸ್ಪ್ರೇಯರ್‌ನಲ್ಲಿ ಒತ್ತಡ ಕಡಿಮೆಯಾದರೆ ಔಷಧಿ ಹನಿಹನಿಯಾಗಿ ಬೀಳುತ್ತದೆ, ಎಲೆಗೆ ಹರಡುವುದಿಲ್ಲ. ಎಂಜಿನ್‌ನ ಒಳಗೂ ಅದೇ ಕಥೆ. ಒತ್ತಡವನ್ನು "ಬಾರ್" ಎಂಬ ಅಳತೆಯಲ್ಲಿ ಹೇಳುತ್ತಾರೆ. ನಮ್ಮ ಮನೆಯ ಕುಕ್ಕರಿನಲ್ಲಿ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು ಒತ್ತಡ ಇರುತ್ತದೆ, ಅಷ್ಟಕ್ಕೇ ಸೀಟಿ ಹೊಡೆಯುತ್ತದೆ. ಈಗಿನ ಡೀಸೆಲ್ ಪಿಕಪ್‌ನಲ್ಲಿ ಗಾಡಿ ಸುಮ್ಮನೆ ನಿಂತು ಓಡುತ್ತಿರುವಾಗಲೇ ಸುಮಾರು 300 ಬಾರ್ ಇರುತ್ತದೆ. ಲೋಡಿನಲ್ಲಿ ಏರು ಹತ್ತುವಾಗ 1,500 ಬಾರ್ ದಾಟಬಹುದು. ಅಂದರೆ ಪಿಕಪ್ ಹೊರುವ ಇಡೀ ಲೋಡನ್ನು ಒಂದು ಬೆರಳಿನ ಉಗುರಿನ ಮೇಲೆ ಇಟ್ಟ ಹಾಗೆ.

ಟ್ಯಾಂಕಿನಿಂದ ಎಂಜಿನ್‌ವರೆಗೆ

ಊರಿನ ಕುಡಿಯುವ ನೀರಿನ ಯೋಜನೆಯನ್ನು ನೆನಪು ಮಾಡಿಕೊಳ್ಳಿ. ಬಾವಿಯಿಂದ ನೀರು ಎಳೆಯಬೇಕು, ಸೋಸಬೇಕು, ಮೇಲಿನ ಟ್ಯಾಂಕಿಗೆ ಏರಿಸಬೇಕು, ಅಲ್ಲಿಂದ ಮನೆಮನೆಯ ನಲ್ಲಿಗೆ ಬಿಡಬೇಕು. ಡೀಸೆಲ್‌ನ ದಾರಿಯೂ ಹೀಗೆಯೇ.

ಮೊದಲ ಅರ್ಧ ಕಡಿಮೆ ಒತ್ತಡದ ದಾರಿ. ಡೀಸೆಲ್ ಟ್ಯಾಂಕು, ಅದರೊಳಗಿನ ಜಾಲರಿ, ಪೈಪುಗಳು, ಕೈಯಿಂದ ಒತ್ತುವ ಚಿಕ್ಕ ಪಂಪು, ನೀರು ಬೇರೆ ಮಾಡುವ ಫಿಲ್ಟರು ಇವೆಲ್ಲ ಈ ಭಾಗದಲ್ಲಿ ಬರುತ್ತವೆ. ಕೆಲವು ಗಾಡಿಗಳಲ್ಲಿ ಟ್ಯಾಂಕಿನೊಳಗಿನ ಕರೆಂಟಿನ ಪಂಪು ಡೀಸೆಲನ್ನು ಮುಂದಕ್ಕೆ ತಳ್ಳುತ್ತದೆ. ಇನ್ನು ಕೆಲವದರಲ್ಲಿ ಎಂಜಿನ್ ಪಕ್ಕದ ಪಂಪು ಡೀಸೆಲನ್ನು ಟ್ಯಾಂಕಿನಿಂದ ಎಳೆದುಕೊಳ್ಳುತ್ತದೆ.

ಎರಡನೇ ಅರ್ಧ ಹೆಚ್ಚು ಒತ್ತಡದ ದಾರಿ. ದೊಡ್ಡ ಪಂಪು, ಅದು ತುಂಬುವ "ರೈಲ್" ಎಂಬ ಗಟ್ಟಿ ಕಬ್ಬಿಣದ ಕೊಳವೆ, ಅಲ್ಲಿಂದ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳು. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆ ಇರುವುದರಿಂದ ಇದಕ್ಕೆ "ಕಾಮನ್ ರೈಲ್" ಅಂತ ಹೆಸರು. ಈ ರೈಲಿನ ಮೇಲೆ ಒತ್ತಡ ಅಳೆಯುವ ಸೆನ್ಸರ್ ಇದೆ. ಅದು ಗಾಡಿಯ ಕಂಪ್ಯೂಟರಿಗೆ ಸುದ್ದಿ ಕೊಡುತ್ತಲೇ ಇರುತ್ತದೆ.

ಹಳೆಯ ಪಿಕಪ್‌ಗಳಲ್ಲಿ ರೈಲೂ ಇಲ್ಲ, ಕಂಪ್ಯೂಟರೂ ಇಲ್ಲ. ಆದರೆ ಮೊದಲ ಅರ್ಧ ಅವುಗಳಲ್ಲೂ ಹೆಚ್ಚು ಕಡಿಮೆ ಇದೇ ರೀತಿ. ಹುಡುಕುವ ಕ್ರಮವೂ ಅದೇ.

ಇಲ್ಲಿ ನೆನಪಿಡಬೇಕಾದ ಮುಖ್ಯ ಮಾತು: ಬಾವಿಯಲ್ಲಿ ನೀರು ಬರದಿದ್ದರೆ ಮೇಲಿನ ಟ್ಯಾಂಕು ತುಂಬುವುದಿಲ್ಲ. ಮೊದಲ ಅರ್ಧದಲ್ಲಿ ಡೀಸೆಲ್ ಸರಿಯಾಗಿ ಬರದಿದ್ದರೆ ದೊಡ್ಡ ಪಂಪು ಎಷ್ಟು ಒಳ್ಳೆಯದಿದ್ದರೂ ಒತ್ತಡ ಏರಿಸಲಾರದು. ಆದ್ದರಿಂದ ಯಾವಾಗಲೂ ಟ್ಯಾಂಕಿನ ಕಡೆಯಿಂದಲೇ ಹುಡುಕುತ್ತಾ ಬರಬೇಕು.

ಗಾಡಿ ಹೇಳುವ ಲಕ್ಷಣಗಳು

ಮೈಗೆ ಜ್ವರ ಬಂದರೆ ಮುಖ ನೋಡಿ ಗೊತ್ತು ಮಾಡುತ್ತೇವೆ. ಗಾಡಿಗೂ ಲಕ್ಷಣಗಳಿವೆ.

• ಬೆಳಿಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕು. ಸ್ಟಾರ್ಟ್ ಆಗಿ ಕೂಡಲೇ ಆಫ್ ಆಗುತ್ತದೆ.
• ಸಮ ದಾರಿಯಲ್ಲಿ ಚೆನ್ನಾಗಿ ಹೋಗುತ್ತದೆ, ಏರಿನಲ್ಲಿ ಲೋಡಿದ್ದಾಗ ಎಳೆಯುವುದಿಲ್ಲ. ಚಾರ್ಮಾಡಿ, ಶಿರಾಡಿಯಂಥ ಘಾಟಿ ಹತ್ತುವವರಿಗೆ ಇದು ಮೊದಲು ಗೊತ್ತಾಗುತ್ತದೆ.
• ಓಡುತ್ತಾ ಓಡುತ್ತಾ ಜರ್ಕ್ ಹೊಡೆಯುತ್ತದೆ.
• ಎಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತದೆ. ಎಷ್ಟು ಆಕ್ಸಿಲರೇಟರ್ ಒತ್ತಿದರೂ ಗಾಡಿ ವೇಗ ಹಿಡಿಯುವುದಿಲ್ಲ. ಕೇಳಿದಷ್ಟು ಒತ್ತಡ ಸಿಗದಾಗ ಎಂಜಿನ್ ಉಳಿಸಲು ಕಂಪ್ಯೂಟರೇ ಶಕ್ತಿ ತಗ್ಗಿಸುತ್ತದೆ.

ಹೊಗೆಯನ್ನೂ ನೋಡಿ. ಸೆಲ್ಫ್ ಹೊಡೆಯುವಾಗ ಹೊಗೆಯೇ ಬರದಿದ್ದರೆ ಎಂಜಿನ್‌ಗೆ ಡೀಸೆಲ್ ತಲುಪುತ್ತಿಲ್ಲ ಅಂತ ಅನುಮಾನಿಸಬಹುದು. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಏರಿನಲ್ಲಿ ದಟ್ಟ ಕಪ್ಪು ಹೊಗೆ ಬಂದರೆ ಹೆಚ್ಚಾಗಿ ಗಾಳಿಯ ಕೊರತೆ. ಆಗ ಮೊದಲು ಏರ್ ಫಿಲ್ಟರು, ಟರ್ಬೊ ಪೈಪು ನೋಡಬೇಕು. ಸೆಲ್ಫೇ ನಿಧಾನವಾಗಿ ತಿರುಗಿದರೆ ಬ್ಯಾಟರಿ ನೋಡಬೇಕು. ಎಲ್ಲ ಸುಸ್ತಿಗೂ ಡೀಸೆಲ್ ಒತ್ತಡವೇ ಕಾರಣವಲ್ಲ.

ಹುಡುಕುವ ಕ್ರಮ

ಗಾಡಿಯನ್ನು ಸಮ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹತ್ತಿರ ಬೀಡಿ, ಬೆಂಕಿ ಬೇಡ. ಆಮೇಲೆ ಒಂದೊಂದೇ ನೋಡುತ್ತಾ ಬನ್ನಿ. ಅಗ್ಗದ ಕಾರಣ ಮೊದಲು, ದುಬಾರಿ ಕಾರಣ ಕೊನೆಗೆ.

1. ಟ್ಯಾಂಕಿನಲ್ಲಿ ಏನಿದೆ? ಮುಳ್ಳು ತೋರಿಸುವುದನ್ನೇ ನಂಬಬೇಡಿ, ಮುಳ್ಳು ಕೆಟ್ಟಿರಬಹುದು. ಕೊನೆಯ ಸಲ ಡೀಸೆಲ್ ಎಲ್ಲಿ, ಯಾವಾಗ ಹಾಕಿಸಿದ್ದು ಅಂತ ಕೇಳಿ. ಹಾಕಿಸಿದ ಕೂಡಲೇ ತೊಂದರೆ ಶುರುವಾಗಿದ್ದರೆ ಎಣ್ಣೆಯ ಮೇಲೆಯೇ ಅನುಮಾನ ಪಡಬೇಕು. ಬಂಕಿನಲ್ಲಿ ತಪ್ಪಿ ಪೆಟ್ರೋಲ್ ಹಾಕಿದ್ದರೆ ಕೀಲಿ ತಿರುಗಿಸಲೇಬೇಡಿ, ಟ್ಯಾಂಕು ಖಾಲಿ ಮಾಡಿಸಿ. ದೊಡ್ಡ ಪಂಪಿಗೆ ಡೀಸೆಲ್ಲೇ ಜಿಡ್ಡು, ಡೀಸೆಲ್ಲೇ ತಂಪು. ಪೆಟ್ರೋಲ್, ಸೀಮೆಎಣ್ಣೆಯಲ್ಲಿ ಆ ಜಿಡ್ಡು ಸಾಲದು, ಪಂಪು ಒಣಗಿ ಉಜ್ಜಿಹೋಗುತ್ತದೆ. "ಸ್ವಲ್ಪ ಸೀಮೆಎಣ್ಣೆ ಬೆರೆಸಿದರೆ ಉಳಿತಾಯ" ಅನ್ನುವ ಮಾತು ಕೇಳಬೇಡಿ. ಅದು ಕಾನೂನಿಗೂ ವಿರುದ್ಧ, ಪಂಪಿಗೂ ಯಮ.

2. ಟ್ಯಾಂಕಿನ ಮುಚ್ಚಳ. ಡೀಸೆಲ್ ಹೊರಗೆ ಹೋದ ಹಾಗೆ ಟ್ಯಾಂಕಿಗೆ ಗಾಳಿ ಒಳಗೆ ಬರಬೇಕು. ಆ ದಾರಿ ಧೂಳಿನಿಂದ ಮುಚ್ಚಿದ್ದರೆ ಸ್ವಲ್ಪ ದೂರ ಹೋದ ಮೇಲೆ ಗಾಡಿ ಸುಸ್ತಾಗುತ್ತದೆ. ಮುಚ್ಚಳ ಬಿಚ್ಚಿದಾಗ "ಸುಯ್" ಅಂತ ಗಾಳಿ ಒಳಗೆ ಎಳೆದು, ನಂತರ ಗಾಡಿ ಸರಿಯಾಗಿ ಓಡಿದರೆ ಕಾರಣ ಸಿಕ್ಕಿದಂತೆ. ಇದಕ್ಕೆ ಖರ್ಚೇ ಇಲ್ಲ.

3. ನೀರು. ಡೀಸೆಲ್ ನೀರಿಗಿಂತ ಹಗುರ, ಆದ್ದರಿಂದ ನೀರು ತಳದಲ್ಲಿ ನಿಲ್ಲುತ್ತದೆ. ಎಷ್ಟೋ ಫಿಲ್ಟರುಗಳ ಕೆಳಗೆ ನೀರು ಬಿಡುವ ತಿರುಪು ಇರುತ್ತದೆ. ಎಂಜಿನ್ ಆಫ್ ಮಾಡಿ, ಕೆಳಗೆ ಗಾಜಿನ ಬಾಟಲಿ ಹಿಡಿದು ಸ್ವಲ್ಪ ಬಿಡಿ, ಐದು ನಿಮಿಷ ನಿಲ್ಲಿಸಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಶುದ್ಧ ಡೀಸೆಲ್ ಬರುವವರೆಗೆ ಬಿಟ್ಟು, ತಿರುಪು ಬಿಗಿ ಮಾಡಿ. ಮಳೆಗಾಲದಲ್ಲಿ, ಅರೆ ಖಾಲಿ ಟ್ಯಾಂಕಿನಲ್ಲಿ ರಾತ್ರಿ ತಣ್ಣಗಾದಾಗ ಒಳಗೋಡೆಗೆ ನೀರಿನ ಹನಿ ಕೂರುತ್ತದೆ. ಸಂಜೆಯೇ ಡೀಸೆಲ್ ಹಾಕಿಸಿ ನಿಲ್ಲಿಸುವ ಅಭ್ಯಾಸ ಒಳ್ಳೆಯದು. ಕ್ಯಾನಿನಲ್ಲಿ ತಂದ ಡೀಸೆಲನ್ನು ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲಬಹುದು, ನೀರು ನಿಲ್ಲುವುದಿಲ್ಲ.

4. ಫಿಲ್ಟರು. ಜರಡಿ ಅರ್ಧ ಕಟ್ಟಿಕೊಂಡಿದ್ದರೂ ಒಂದು ಹಿಡಿ ಹಿಟ್ಟು ಇಳಿಯುತ್ತದೆ, ಸೇರುಗಟ್ಟಲೆ ಸುರಿದರೆ ಇಳಿಯುವುದಿಲ್ಲ. ಸುಮ್ಮನೆ ನಿಂತ ಎಂಜಿನ್‌ಗೆ ಸ್ವಲ್ಪ ಡೀಸೆಲ್ ಸಾಕು, ಲೋಡಿನಲ್ಲಿ ಏರು ಹತ್ತುವಾಗ ಅದರ ಹಲವು ಪಟ್ಟು ಬೇಕು. "ಸಮದಲ್ಲಿ ಸರಿ, ಏರಿನಲ್ಲಿ ಇಲ್ಲ" ಅಂದರೆ ಮೊದಲ ಅನುಮಾನ ಫಿಲ್ಟರಿನ ಮೇಲೆ. ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಅನ್ನುವುದು ಗಾಡಿಯ ಪುಸ್ತಕದಲ್ಲಿದೆ. ಒಳ್ಳೆಯ ಕಂಪನಿಯದ್ದೇ ಹಾಕಿಸಿ, ಬಿಲ್ ಕೇಳಿ. ಹೊಸ ಫಿಲ್ಟರಿಗೆ ಡಬ್ಬಿಯಿಂದ ಡೀಸೆಲ್ ಸುರಿದು ತುಂಬಿಸುವುದು ಕಾಮನ್ ರೈಲ್ ಗಾಡಿಗೆ ಒಳ್ಳೆಯದಲ್ಲ, ಕಣ್ಣಿಗೆ ಕಾಣದ ಧೂಳು ನೇರ ಪಂಪಿಗೆ ಹೋಗುತ್ತದೆ. ಕೈಪಂಪಿನಿಂದಲೇ ತುಂಬಿಸಬೇಕು.

5. ಏರ್ ಹಿಡಿಯುವುದು. ಎಳನೀರು ಕುಡಿಯುವ ಸ್ಟ್ರಾ ಸೀಳಿದ್ದರೆ ಎಷ್ಟು ಎಳೆದರೂ ಬಾಯಿಗೆ ಗಾಳಿಯೇ ಬರುತ್ತದೆ. ಆದರೆ ಸೀಳಿನಿಂದ ಎಳನೀರು ಹೊರಗೆ ಸುರಿಯುವುದಿಲ್ಲ. ಡೀಸೆಲ್ ಎಳೆಯುವ ಪೈಪೂ ಹಾಗೆಯೇ. ಆದ್ದರಿಂದ "ಎಲ್ಲೂ ಲೀಕ್ ಇಲ್ಲ" ಅಂದರೂ ಪೈಪು ಸರಿ ಇದೆ ಅಂತ ಅಲ್ಲ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಕಷ್ಟಪಟ್ಟು ಸ್ಟಾರ್ಟ್ ಆಗಿ ಆಮೇಲೆ ದಿನವೆಲ್ಲ ಸರಿ ಓಡಿದರೆ, ಗಾಳಿ ಸೇರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರಬಹುದು. ರಬ್ಬರ್ ಪೈಪಿನ ಬಿರುಕು, ಸಡಿಲವಾದ ಕ್ಲಿಪ್ಪು, ಇಲಿ ಕಚ್ಚಿದ ಜಾಗ, ಫಿಲ್ಟರಿನ ರಬ್ಬರ್ ರಿಂಗು, ತಾಮ್ರದ ವಾಷರು ನೋಡಿ. ಫಿಲ್ಟರ್ ಬದಲಾಯಿಸಿದ ಮರುದಿನವೇ ತೊಂದರೆ ಶುರುವಾದರೆ, ಹಳೆಯ ರಿಂಗು ಅಲ್ಲೇ ಅಂಟಿಕೊಂಡು ಅದರ ಮೇಲೆ ಹೊಸದು ಕೂತಿದೆಯೋ ಅಂತ ನೋಡಿಸಿ.

ಕೈಪಂಪೇ ಒಂದು ಪರೀಕ್ಷೆ. ಕೆಲವು ಸಲ ಒತ್ತಿದ ಮೇಲೆ ಅದು ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಗಾಳಿ ಸೇರುತ್ತಿದೆ, ಟ್ಯಾಂಕಿನಲ್ಲಿ ಡೀಸೆಲ್ ಇಲ್ಲ, ಅಥವಾ ಕೈಪಂಪೇ ಕೆಟ್ಟಿದೆ. ಒತ್ತುವಾಗ ಒಳಗೆ ಒತ್ತಡ ಬರುವುದರಿಂದ, ಗಾಳಿ ಎಳೆಯುತ್ತಿದ್ದ ಬಿರುಕಿನಲ್ಲಿ ಆಗ ಡೀಸೆಲ್ ಜಿನುಗಿ ಕಾಣಬಹುದು. ರಬ್ಬರ್ ಉಂಡೆಯಂಥ ಕೈಪಂಪು ಎಂಜಿನ್ ಓಡುವಾಗ ಚಪ್ಪಟೆಯಾಗಿ ಒಳಗೆ ಎಳೆದುಕೊಂಡರೆ, ಅದಕ್ಕೂ ಟ್ಯಾಂಕಿಗೂ ನಡುವೆ ಎಲ್ಲೋ ಕಟ್ಟಿಕೊಂಡಿದೆ. ಕೈಪಂಪು ಇಲ್ಲದ ಗಾಡಿಯಲ್ಲಿ ಕೀಲಿ ಆನ್ ಮಾಡಿದಾಗ ಕರೆಂಟಿನ ಪಂಪಿನ ಗುಂಯ್ ಸದ್ದು ಕೇಳುತ್ತದೆಯೇ ಅಂತ ನೋಡಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸು, ರಿಲೇ ಪರೀಕ್ಷೆ ಮಾಡಿಸಿ.

6. ಟ್ಯಾಂಕಿನ ಜಾಲರಿ. ಹಳೆಯ ಗಾಡಿಯ ಟ್ಯಾಂಕಿನ ತಳದಲ್ಲಿ ಕೆಸರು, ತುಕ್ಕು ಇರುತ್ತದೆ. ಹೊಸ ಫಿಲ್ಟರೂ ಬೇಗ ಬೇಗ ಕಟ್ಟಿಕೊಳ್ಳುತ್ತಿದ್ದರೆ ಟ್ಯಾಂಕು ಇಳಿಸಿ ತೊಳೆಯಿಸುವುದೇ ದಾರಿ.

ಇಲ್ಲಿಯವರೆಗೆ ಮೊದಲ ಅರ್ಧ. ಇದೆಲ್ಲ ಸರಿ ಇದ್ದರೆ ಮಾತ್ರ ಮುಂದಿನದು. ಅದು ಮೆಕ್ಯಾನಿಕ್ಕಿನ ಕೆಲಸ.

ಜೀವಕ್ಕೆ ಎಚ್ಚರಿಕೆ

ಎಂಜಿನ್ ಓಡುವಾಗ ರೈಲಿನ ಅಥವಾ ಇಂಜೆಕ್ಟರಿನ ಕಬ್ಬಿಣದ ಪೈಪನ್ನು ಯಾರೂ ಸಡಿಲಿಸಬಾರದು. ಹಳೆಯ ಗಾಡಿಗಳಲ್ಲಿ ಹಾಗೆ ಏರ್ ತೆಗೆಯುತ್ತಿದ್ದರು. ಕಾಮನ್ ರೈಲ್ ಗಾಡಿಯಲ್ಲಿ ಅದು ಪ್ರಾಣಕ್ಕೇ ಅಪಾಯ. ಕೂದಲಿನಷ್ಟು ಸಣ್ಣ ಬಿರುಕಿನಿಂದ ಚಿಮ್ಮುವ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ಲೀಕ್ ಹುಡುಕಲು ಕೈ ಇಡಬೇಡಿ, ದೂರದಿಂದ ರಟ್ಟು ಹಿಡಿದು ನೋಡಿ. ಎಂಜಿನ್ ಆಫ್ ಆದ ಮೇಲೂ ಪೈಪಿನಲ್ಲಿ ಸ್ವಲ್ಪ ಹೊತ್ತು ಒತ್ತಡ ಉಳಿದಿರುತ್ತದೆ.

ಯಾರಿಗಾದರೂ ಹೀಗೆ ಡೀಸೆಲ್ ಚುಚ್ಚಿದರೆ ಹೊರಗೆ ಸೂಜಿಮೊನೆಯಷ್ಟೇ ಗಾಯ ಕಾಣಬಹುದು, ನೋವೂ ಕಡಿಮೆ ಇರಬಹುದು. "ಏನೂ ಆಗಿಲ್ಲ" ಅಂತ ಅರಿಶಿನ ಹಚ್ಚಿ ಕೂರಬೇಡಿ. ಒಳಗೆ ಮಾಂಸ ಕೊಳೆತು ಬೆರಳು, ಕೈ ಕಳೆದುಕೊಳ್ಳುವ ಅಪಾಯವಿದೆ. ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಗೆ ಆ ಕ್ಷಣವೇ ಹೋಗಿ, "ಒತ್ತಡದ ಡೀಸೆಲ್ ಚರ್ಮದೊಳಗೆ ಹೋಗಿದೆ" ಅಂತ ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ.

ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಕೇಳುವುದು ಜಗಳವಲ್ಲ. ಒಳ್ಳೆಯ ಮೆಕ್ಯಾನಿಕ್ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ಅವನ ಕೆಲಸಕ್ಕೂ ಅದು ಗೌರವ.

ಒಂದು: "ಸ್ಕ್ಯಾನರ್ ಹಾಕಿದ್ರಾ? ಯಾವ ಕೋಡ್ ಬಂತು?" ಪಿ 0087 ಅಂತ ಬಂದರೆ ರೈಲಿನಲ್ಲಿ ಒತ್ತಡ ಕಡಿಮೆ ಎಂದು ಅರ್ಥ. ಗಮನಿಸಿ, ಪಂಪು ಕೆಟ್ಟಿದೆ ಅಂತ ಆ ಕೋಡ್ ಹೇಳುವುದಿಲ್ಲ. ಜ್ವರ ಇದೆ ಅಂತ ಥರ್ಮಾಮೀಟರ್ ಹೇಳುತ್ತದೆ, ಯಾವ ಜ್ವರ ಅಂತ ಹೇಳುವುದಿಲ್ಲ.

ಎರಡು: "ಕಂಪ್ಯೂಟರ್ ಕೇಳಿದ್ದು ಎಷ್ಟು ಬಾರ್, ಸಿಕ್ಕಿದ್ದು ಎಷ್ಟು?" ಸ್ಕ್ಯಾನರಿನಲ್ಲಿ ಎರಡೂ ಅಂಕಿ ಕಾಣುತ್ತವೆ. ನಿಂತಾಗ ಎರಡೂ ಒಂದೇ ಇದ್ದು, ಲೋಡಿನಲ್ಲಿ ಮಾತ್ರ ಸಿಕ್ಕಿದ್ದು ಹಿಂದೆ ಬಿದ್ದರೆ ಡೀಸೆಲ್ ಸಾಕಷ್ಟು ಬರುತ್ತಿಲ್ಲ ಅಥವಾ ಪಂಪು ಸವೆದಿದೆ. ಆಗ ಮೂರನೇ ಪ್ರಶ್ನೆ.

ಮೂರು: "ಫಿಲ್ಟರು, ಪೈಪು, ಏರ್ ಎಲ್ಲ ನೋಡಿದ್ರಾ?" ಪಂಪಿಗೆ ಹೋಗುವ ಪೈಪಿನ ಜಾಗದಲ್ಲಿ ಸ್ವಲ್ಪ ಹೊತ್ತು ಪಾರದರ್ಶಕ ಪೈಪು ಹಾಕಿದರೆ ಗಾಳಿಗುಳ್ಳೆ ಕಣ್ಣಿಗೇ ಕಾಣುತ್ತದೆ.

ನಾಲ್ಕು: "ಇಂಜೆಕ್ಟರಿನ ರಿಟರ್ನ್ ಪರೀಕ್ಷೆ ಮಾಡಿದ್ರಾ?" ಪ್ರತಿ ಇಂಜೆಕ್ಟರಿನಿಂದ ಸ್ವಲ್ಪ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಅದನ್ನು ಬೇರೆ ಬೇರೆ ಬಾಟಲಿಯಲ್ಲಿ ಹಿಡಿದು ನೋಡುತ್ತಾರೆ. ಎಲ್ಲ ಬಾಟಲಿಯಲ್ಲೂ ಹೆಚ್ಚು ಕಡಿಮೆ ಒಂದೇ ಮಟ್ಟ ಇರಬೇಕು. ಒಂದರಲ್ಲಿ ಮಾತ್ರ ಬಹಳ ತುಂಬಿದರೆ ಆ ಇಂಜೆಕ್ಟರು ಸವೆದು, ಒತ್ತಡವನ್ನೆಲ್ಲ ಸೋರಿಸುತ್ತಿದೆ. ಒಂದು ಮನೆಯ ನಲ್ಲಿ ತೆರೆದಿಟ್ಟರೆ ಇಡೀ ಬೀದಿಗೆ ನೀರು ಕಡಿಮೆಯಾಗುವ ಹಾಗೆ.

ಐದು: "ಪಂಪಿನ ಮೇಲಿರುವ ವಾಲ್ವು, ರೈಲಿನ ವಾಲ್ವು, ಸೆನ್ಸರು, ವೈರು ನೋಡಿದ್ರಾ?" ಡೀಸೆಲ್ ಅಳೆದು ಬಿಡುವ ಈ ಚಿಕ್ಕ ವಾಲ್ವು ಕೆಟ್ಟರೂ ಒತ್ತಡ ಇಳಿಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಪಂಪೇ ಅಂದರೆ ಒಪ್ಪಿಕೊಳ್ಳಿ. ಆದರೆ ಪಂಪಿನೊಳಗಿಂದ ಲೋಹದ ಪುಡಿ ಬಂದಿದೆಯೇ ಕೇಳಿ. ಬಂದಿದ್ದರೆ ಪಂಪು ಮಾತ್ರ ಬದಲಾಯಿಸಿ ಸುಮ್ಮನಾಗುವಂತಿಲ್ಲ. ಟ್ಯಾಂಕು, ಪೈಪು, ರೈಲು ತೊಳೆಯಬೇಕು, ಇಂಜೆಕ್ಟರುಗಳನ್ನೂ ಪರೀಕ್ಷಿಸಬೇಕು. ಇಲ್ಲದಿದ್ದರೆ ಅದೇ ಪುಡಿ ಹೊಸ ಪಂಪನ್ನೂ ತಿನ್ನುತ್ತದೆ. ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ, ಬಿಲ್ ಫೈಲಿನಲ್ಲಿಡಿ.

ಸಂಘದ ಪುಸ್ತಕದಲ್ಲಿ ಗಾಡಿಗೂ ಒಂದು ಪುಟ

ಉಳಿತಾಯ, ಸಾಲ, ಹಾಜರಿ ಬರೆಯುವ ನಮಗೆ ಗಾಡಿಯ ಲೆಕ್ಕ ಬರೆಯುವುದು ಕಷ್ಟವಲ್ಲ. ತಾರೀಖು, ಕಿಲೋಮೀಟರು, ಹಾಕಿದ ಡೀಸೆಲ್, ಯಾವ ಬಂಕು, ಫಿಲ್ಟರ್ ಬದಲಾಯಿಸಿದ ದಿನ, ನೀರು ಬಿಟ್ಟ ದಿನ ಇಷ್ಟು ಸಾಕು. ಲೀಟರಿಗೆ ಓಡುವ ಕಿಲೋಮೀಟರು ಇಳಿಯುತ್ತಾ ಬಂದರೆ ಗಾಡಿ ನಿಲ್ಲುವ ಮೊದಲೇ ನಿಮಗೆ ಸೂಚನೆ ಸಿಗುತ್ತದೆ.

ರಿಪೇರಿಗೆ ಬೇರೆ ನಿಧಿ ಇಡಿ. ಉದಾಹರಣೆಗೆ, ಗಾಡಿ ದಿನಕ್ಕೆ 80 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡಿದರೆ 2,000 ಕಿಲೋಮೀಟರ್ ಆಯಿತು. ಕಿಲೋಮೀಟರಿಗೆ 1 ರೂಪಾಯಿ ಎತ್ತಿಟ್ಟರೆ ತಿಂಗಳಿಗೆ 2,000, ವರ್ಷಕ್ಕೆ 24,000 ರೂಪಾಯಿ. ಆಗ ಇಂಜೆಕ್ಟರು ಕೆಟ್ಟ ದಿನ ಬಡ್ಡಿಯವರ ಮನೆ ಬಾಗಿಲು ತಟ್ಟಬೇಕಾಗಿಲ್ಲ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಗಾಡಿಯ ಡೀಸೆಲ್ ಫಿಲ್ಟರ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದು? ಬಿಲ್ ಎಲ್ಲಿದೆ?
2. ಗಾಡಿ ಓಡಿಸುವವರಿಗೆ ಫಿಲ್ಟರಿನ ನೀರು ಬಿಡುವುದು ಗೊತ್ತೇ? ಮುಂದಿನ ಸಭೆಯಲ್ಲಿ ತೋರಿಸಬಹುದೇ?
3. "ಪಂಪು ಹೋಗಿದೆ" ಅಂತ ಹೇಳಿದರೆ ನಾವು ಕೇಳುವ ಮೊದಲ ಮೂರು ಪ್ರಶ್ನೆ ಯಾವುವು?
4. ರಿಪೇರಿ ನಿಧಿಗೆ ಕಿಲೋಮೀಟರಿಗೆ ಎಷ್ಟು ಎತ್ತಿಡೋಣ? ಯಾರು ಲೆಕ್ಕ ಬರೆಯುತ್ತಾರೆ?

ಈ ವಾರ ಮಾಡುವ ಕೆಲಸ: ಇಬ್ಬರು ಸದಸ್ಯೆಯರು ಗಾಡಿಯ ಹತ್ತಿರ ಹೋಗಿ ಟ್ಯಾಂಕು, ಕೈಪಂಪು, ಫಿಲ್ಟರು, ನೀರು ಬಿಡುವ ತಿರುಪು ಎಲ್ಲಿವೆ ಅಂತ ಕಣ್ಣಾರೆ ನೋಡಿ ಬರಬೇಕು. ಮುಂದಿನ ಸಭೆಯಲ್ಲಿ ಉಳಿದವರಿಗೆ ಹೇಳಬೇಕು.